ಕುದಿಯದ ಗಾಡಿ

ಅವರ ಬಲಗೈಯ ಅಂಗೈ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಬೆಸುಗೆಯ ಹನಿ ಬಿದ್ದು ಬಿದ್ದು ಕಪ್ಪು ಚುಕ್ಕೆ ಕೂತಿದ್ದ, ಹಿತ್ತಾಳೆಯ ಅಂಚು ಕೊಯ್ದ ಗೆರೆಗಳೇ ಹಸ್ತರೇಖೆಗಿಂತ ಹೆಚ್ಚಿದ್ದ ಕೈ ಅದು. ಕುದಿದು ಬಂದ ಗಾಡಿ ಯಾವುದೇ ಇರಲಿ, ಟ್ರ್ಯಾಕ್ಟರ್, ಲಾರಿ, ಭತ್ತ ಕೊಯ್ಯುವ ಮಷೀನು, ಅವರು ತಕ್ಷಣ ಅದರ ಹತ್ತಿರ ಹೋಗುತ್ತಿರಲಿಲ್ಲ. "ಆರ್ಲಿ ಬಿಡ್ರಿ" ಎಂದು ಮಾಲಕನಿಗೆ ಸ್ಟೂಲು ತೋರಿಸಿ ಚಹಾ ತರಿಸುತ್ತಿದ್ದರು. ಅರ್ಧ ತಾಸು ಬಿಟ್ಟು ಬಂದು, ರೇಡಿಯೇಟರಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ನೂರು ಎಣಿಸುತ್ತಿದ್ದರು. ನೂರು ಮುಟ್ಟುವ ಮೊದಲೇ ಕೈ ಚುರುಗುಟ್ಟಿತೋ, ಮತ್ತೆ "ಆರ್ಲಿ". ನೂರು ಮುಟ್ಟಿದರೆ ಮಾತ್ರ ಮುಚ್ಚಳ ತೆಗೆಯುತ್ತಿದ್ದರು. ಮಷೀನಿನವರು ಗದ್ದೆಯಲ್ಲಿ ಭತ್ತ ಉದುರುತ್ತಿದೆ ಎಂದು ಎಷ್ಟು ಬಡಿದುಕೊಂಡರೂ ಆ ಎಣಿಕೆ ತೊಂಬತ್ತಕ್ಕೆ ಇಳಿದದ್ದನ್ನು ನಾನು ನೋಡಿಲ್ಲ.

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಮೇಲೆ ತಗಡು, ಒಳಗೆ ಒಂದು ಸಿಮೆಂಟಿನ ನೀರಿನ ಟಾಕಿ, ಗೋಡೆಯ ತುಂಬ ಹಳೆಯ ರೇಡಿಯೇಟರುಗಳು. ಬೋರ್ಡಿನ ಮೇಲೆ "ರೇಡಿಯೇಟರ್ ಕೆಲಸ" ಎಂಬ ಎರಡೇ ಶಬ್ದ. ಹೆಸರು ಯಾಕಿಲ್ಲ ಎಂದು ಒಮ್ಮೆ ಕೇಳಿದೆ. "ಗಾಡಿ ವಾಪಸ್ ಬಂದ್ರ ಬೈಯಾಕ ಹೆಸರು ಬೇಕಾಗ್ತೈತ್ರಿ ಸರ. ನಾ ಮಾಡಿದ್ದು ವಾಪಸ್ ಬರೂದಿಲ್ಲ" ಅಂದರು. ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಕಾಕಾ ಎನ್ನುತ್ತಿದ್ದೆ. ಈಗ ಅವರಿಲ್ಲ. ಈ ಸಲದ ಯುಗಾದಿಗೆ ವಾರವಿರುವಾಗ, ಮಧ್ಯಾಹ್ನದ ಊಟ ಮಾಡಿ ಗೋಡೆಗೆ ಒರಗಿದವರು ಹಾಗೇ ಹೋಗಿಬಿಟ್ಟರು. ಬೋರ್ಡಿನಲ್ಲಿ ಅವರೇ ಬರೆಸದ ಹೆಸರನ್ನು ನಾನ್ಯಾಕೆ ಇಲ್ಲಿ ಬರೆಯಲಿ? ಕಾಕಾ ಎಂದೇ ಇರಲಿ.

ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕಾಕಾನ ಕಥೆ ನಡೆಯುವುದಿಲ್ಲ. ನಾನು ಕೊಪ್ಪಳದಲ್ಲಿ ಡಿಪ್ಲೊಮಾ ಓದುವವರಿಗೆ ಇಂಜಿನ್ ಪಾಠ ಹೇಳುವ ಮೇಷ್ಟ್ರು. ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದೇನೆ. ನಲವತ್ತೈದು ದಾಟಿದ ಮೇಲೆ ನನಗೊಂದು ಹುಚ್ಚು ಹತ್ತಿತು. ಹೊಸಪೇಟೆಯ ಒಂದು ಗೋದಾಮಿನಲ್ಲಿ ಧೂಳು ತಿನ್ನುತ್ತ ನಿಂತಿದ್ದ ಸ್ಪೋರ್ಟ್ಸ್ ಕಾರನ್ನು ತಂದೆ. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮುಂದೆ ಉದ್ದ ಮೂತಿ. ಅದರ ಇಂಜಿನ್ ಸತ್ತು ಕಲ್ಲಾಗಿತ್ತು. ಅಪಘಾತದಲ್ಲಿ ನುಜ್ಜಾದ ಒಂದು ದೊಡ್ಡ ಜೀಪಿನ ಇಂಜಿನ್ ಸಿಕ್ಕಿತು, ಅದನ್ನೇ ಇದರ ಹೊಟ್ಟೆಗೆ ತುರುಕಿಸಿದೆ. ಓಡಿತು! ಅದರ ಸದ್ದು ಕೇಳಿ ನಮ್ಮ ಓಣಿಯ ನಾಯಿಗಳು ಮೂರು ದಿನ ನನ್ನನ್ನು ಮಾತಾಡಿಸಲಿಲ್ಲ. ಆದರೆ ಕೊಪ್ಪಳ ಬಿಟ್ಟು ಗಿಣಿಗೇರಿ ದಾಟುವುದರೊಳಗೆ ಸೂಜಿ ಕೆಂಪಿಗೆ ಏರಿ, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ನನ್ನ ಹೆಂಡತಿ, "ನಿಮ್ಮದು ಕಾರಲ್ಲ, ಚಹಾದ ಕಿಟ್ಲಿ" ಎಂದು ಬಂದವರ ಮುಂದೆಲ್ಲ ಹೇಳತೊಡಗಿದಳು. ಇಂಜಿನ್ ಪಾಠ ಹೇಳುವವನ ಕಾರು ನಡುರಸ್ತೆಯಲ್ಲಿ ಕುದಿಯುತ್ತ ನಿಂತರೆ ಮರ್ಯಾದೆ ಎಲ್ಲಿ ಉಳಿದೀತು?

ಮರ್ಯಾದೆ ಉಳಿಸಿಕೊಳ್ಳಲು ನಾನು ಲೆಕ್ಕ ಹಾಕಿ, ಮಿರಮಿರ ಮಿಂಚುವ ಅಲ್ಯೂಮಿನಿಯಂ ರೇಡಿಯೇಟರ್ ಒಂದನ್ನು ಫೋನಿನಲ್ಲೇ ತರಿಸಿ ಹಾಕಿಸಿದೆ. ಹಳೆಯದಕ್ಕಿಂತ ಎರಡು ಪಟ್ಟು ದಪ್ಪ. ಈ ಸಲ ಗಿಣಿಗೇರಿ ದಾಟಿ, ಮುನಿರಾಬಾದಿನ ಕಡೆ ತಿರುಗಿದ ಮೇಲೆ ಕುದಿಯಿತು. ಭತ್ತದ ಹುಲ್ಲು ಹೇರಿದ್ದ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ನೋಡಿ, "ಗಂಗಾವತಿ ಕಾಕಾನ ಕಡೆ ಒಯ್ರಿ ಸರ. ಅಂವ ನೋಡ್ತಾನ" ಎಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಹುಲ್ಲಿನ ಟ್ರಾಲಿಯ ಹಿಂದೆ ಕೆಂಪು ಸ್ಪೋರ್ಟ್ಸ್ ಕಾರು! ಆ ದಿನ ಎದುರಿಗೆ ಬಂದವರೆಲ್ಲ ಫೋಟೋ ತೆಗೆದುಕೊಂಡರು.

ಕಾಕಾ ಕಾರಿಗೆ ಸುತ್ತು ಹಾಕಿ ನೋಡಿದರು. ಅರವತ್ತರ ಹತ್ತಿರದ ತೆಳ್ಳನೆ ಆಳು, ಹೆಗಲ ಮೇಲೆ ಟವೆಲ್, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು. "ಆರ್ಲಿ" ಅಂದರು. ಚಹಾ ಬಂತು. ನಾನು ಚೀಲದಿಂದ ಶಾಖ ಅಳೆಯುವ ಗನ್ ತೆಗೆದು ರೇಡಿಯೇಟರಿಗೆ ಹಿಡಿದೆ. "ಏನಂತೈತ್ರಿ ಅದು?" ಅಂದರು. ಎಪ್ಪತ್ತೊಂದು ಡಿಗ್ರಿ ಅಂದೆ. "ಹಂಗಾರ ಅದ್ರ ಕೈಲೇ ಮುಚ್ಚಳ ತೆಗಸ್ರಿ ನೋಡೋಣು" ಎಂದು ನಕ್ಕರು. ನನಗೆ ಸಿಟ್ಟು ಬಂತು. ಈಗಲೂ ನೆನೆದರೆ ಸ್ವಲ್ಪ ಬರುತ್ತದೆ.

ಸಿಟ್ಟು ಇಳಿಸಿದ್ದು ಅವರ ಇನ್ನೊಂದು ವಿದ್ಯೆ. ಪಕ್ಕದಲ್ಲಿ ಯಾರದೋ ಲಾರಿಯ ರೇಡಿಯೇಟರ್ ಬಿಚ್ಚಿಟ್ಟಿತ್ತು. ಅದರ ಕೊಳವೆಗಳಲ್ಲಿ ಸುಣ್ಣದಂತೆ ಗಟ್ಟಿಯಾಗಿ ಕೂತಿದ್ದ ಪೊರೆಯನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು, "ಇದು ಹುಲಿಹೈದರ ಕಡೆ ಬೋರಿನ ನೀರು" ಅಂದರು. ಲಾರಿಯವನು ಹುಬ್ಬೇರಿಸಿ, "ಹೌದ್ರಿ ಕಾಕಾ, ನಮ್ಮ ಮಾವನ ಹೊಲದ್ದು" ಅಂದ. ಕಾಲುವೆ ನೀರು ಕುಡಿದ ಗಾಡಿಯ ಒಳಗೆ ಮೆತ್ತನೆ ಕೆಸರು, ಕುಷ್ಟಗಿ ಕಡೆಯದಾದರೆ ಹಳದಿ ಹಲ್ಲಿನ ಬಣ್ಣ. ಅಲ್ಲಿಯವರು ಅದೇ ನೀರು ಕುಡಿದು ಹಲ್ಲು ಹಳದಿ ಮಾಡಿಕೊಂಡಿದ್ದಾರಲ್ಲ, ಗಾಡಿಗೂ ಅದೇ ಪಾಡು ಎನ್ನುತ್ತಿದ್ದರು. ಯಲಬುರ್ಗಾದ ಗಾಡಿ ಬಂದರೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಕೆರೆದು, ಬೆರಳಿನಲ್ಲಿ ತಿಕ್ಕಿ ನೋಡಿ, ಸುಮ್ಮನೆ ಟವೆಲ್ಲಿಗೆ ಒರೆಸಿಕೊಳ್ಳುತ್ತಿದ್ದರು.

ನನ್ನ ಕಾರು ಆರಿದ ಮೇಲೆ ನೂರು ಎಣಿಸಿ, ಮುಚ್ಚಳ ತೆಗೆದು, ಇಂಜಿನ್ ಚಾಲೂ ಮಾಡಿಸಿದರು. ಒಂದು ಊದಿನಕಡ್ಡಿ ಹಚ್ಚಿ ಕಾರಿನ ಮೂತಿಯ ಮುಂದೆ ಹಿಡಿದರು. ದೇವರಿಗೆ ಬೆಳಗುತ್ತಿದ್ದಾರೆ ಅಂದುಕೊಂಡೆ. "ಹೊಗಿ ನೋಡ್ರಿ" ಅಂದರು. ಹೊಗೆ ನನ್ನ ಮಿರಮಿರ ರೇಡಿಯೇಟರಿನ ಒಳಗೆ ಹೋಗುತ್ತಲೇ ಇರಲಿಲ್ಲ. ಎಡಬಲದ ಸಂದಿಗಳಲ್ಲಿ ನುಸುಳಿ ಪಾರಾಗುತ್ತಿತ್ತು. ಆಮೇಲೆ ಒಂದು ಕೋಲು ಇಟ್ಟು ಮಟ್ಟ ತೋರಿಸಿದರು. ಹೊಸ ಇಂಜಿನ್ನಿನ ನೆತ್ತಿ ರೇಡಿಯೇಟರಿನ ಬಾಯಿಗಿಂತ ನಾಲ್ಕು ಬೆರಳು ಮೇಲಿತ್ತು. ನೀರು ಎಷ್ಟು ತುಂಬಿದರೂ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡು, ಅಲ್ಲೇ ಮೊದಲು ಕುದಿ ಏಳುತ್ತಿತ್ತು.

"ದೊಡ್ಡದು ಹಾಕಿದ್ರ ಆಗೂದಿಲ್ರಿ ಸರ. ನೀರಿಗೆ ಹಾದಿ ಬೇಕು, ಗಾಳಿಗೂ ಹಾದಿ ಬೇಕು. ನೀವು ದೊಡ್ಡ ಮನಿ ಕಟ್ಟಿಸಿ ಬಾಗಿಲ ಇಡೂದು ಮರತೀರಿ."

ಇಪ್ಪತ್ತು ವರ್ಷದ ನನ್ನ ಬೋರ್ಡಿನ ಬರವಣಿಗೆ ಒಂದು ಊದಿನಕಡ್ಡಿಗೆ ಅಳಿಸಿಹೋಯಿತು. ಆ ಕ್ಷಣದಿಂದ ನಾನು ಅವರ ಶಿಷ್ಯ. ಅವರೇನೂ ನನ್ನನ್ನು ಶಿಷ್ಯನೆಂದು ಒಪ್ಪಿಕೊಂಡಿರಲಿಲ್ಲ, ಆ ಮಾತು ಬೇರೆ.

ಆ ಬೇಸಿಗೆ ಪ್ರತಿ ರವಿವಾರ ನಾನು ಬಸ್ಸು ಹತ್ತಿ ಗಂಗಾವತಿಗೆ ಹೋಗುತ್ತಿದ್ದೆ. ಕಾಕಾ ನನ್ನ ಕಾರಿಗೆಂದು ತಾಮ್ರ ಹಿತ್ತಾಳೆಯ ಹೊಸ ರೇಡಿಯೇಟರನ್ನೇ ಕಟ್ಟತೊಡಗಿದರು. ಮೂರು ಸಾಲು ಕೊಳವೆ, ಮೇಲೊಂದು ಕೆಳಗೊಂದು ಹಿತ್ತಾಳೆಯ ಪೆಟ್ಟಿಗೆ. ಇಂಜಿನ್ನಿನ ನೆತ್ತಿಗಿಂತ ಮೇಲೆ ಕೂರುವಂತೆ ಇನ್ನೊಂದು ಸಣ್ಣ ಟಾಕಿ, ಮುಚ್ಚಳ ಅದಕ್ಕೆ. ಎಣ್ಣೆಯ ಡಬ್ಬಿಗಳನ್ನು ಕತ್ತರಿಸಿ ಫ್ಯಾನಿನ ಸುತ್ತ ತಗಡಿನ ಗೂಡು ಮಾಡಿದರು, ಗಾಳಿ ಆಚೀಚೆ ಓಡದಂತೆ. ಬೆಸುಗೆ ಮುಗಿದ ಮೇಲೆ ರೇಡಿಯೇಟರನ್ನು ಸಿಮೆಂಟಿನ ಟಾಕಿಯಲ್ಲಿ ಮುಳುಗಿಸಿ, ರಬ್ಬರ್ ಕೊಳವೆಯಿಂದ ಗಾಳಿ ಊದಿ, ಗುಳ್ಳೆ ಎದ್ದ ಕಡೆ ಸೀಮೆಸುಣ್ಣದ ಗುರುತು ಹಾಕುವರು. ಗುಳ್ಳೆ ಎದ್ದರೆ ಮಗುವಿನ ಹಲ್ಲು ಕಂಡವರಂತೆ ಖುಷಿ. "ಅಗಾ, ಸಿಕ್ತು ನೋಡ್ರಿ!" ಮುಚ್ಚಿಟ್ಟ ತಪ್ಪಿಗಿಂತ ಸಿಕ್ಕ ತಪ್ಪು ಛಲೋ ಎಂಬಂತೆ ಇತ್ತು ಅವರ ಮುಖ.

ಅಂಗಡಿಯ ಗೋಡೆಯ ಗೂಡಿನಲ್ಲಿ ಒಂದು ಹಿತ್ತಾಳೆ ಡಬ್ಬಿ ಇತ್ತು. ರೇಡಿಯೇಟರಿನ ತಗಡಿನಿಂದಲೇ ಮಾಡಿದ್ದು, ಅಂಚಿನ ಬೆಸುಗೆ ಕೂದಲೆಳೆಯಷ್ಟು ಸಣ್ಣ. ಏನದು ಕಾಕಾ ಎಂದೆ. ಬೆಸುಗೆಯ ಬೆಂಕಿ ಆರಿಸಿ, ಕೂತುಕೊಂಡರು. ಯಾವ ಕೆಲಸಕ್ಕೂ ಕೂರದ ಮನುಷ್ಯ.

"ಅಕ್ಕನ ಡಬ್ಬಿ ರೀ ಸರ. ಯಲಬುರ್ಗಾದಾಗ ಅದಾಳ. ಪಂಚಮಿ ಬಂತಂದ್ರ ಇದ್ರಾಗ ಕುಬುಸದ ಖಣ, ಕೊಬ್ಬರಿ ಬಟ್ಲ ಇಟ್ಟು ಬಸ್ಸಿನವ್ರ ಕೈಯಾಗ ಕೊಡ್ತೀನಿ. ಆಕಿ ಎಳ್ಳುಂಡಿ, ಶೇಂಗಾ ಉಂಡಿ ತುಂಬಿ ಅದ ಡಬ್ಬಿ ವಾಪಸ್ ಕಳಸ್ತಾಳ. ಮೂವತ್ತೇಳು ವರ್ಷ ಆತು."

"ನೀವು ಹೋಗೂದಿಲ್ಲೇನು? ಕರಿಯಾಕ?" ಎಂದೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಕರೆಯಲು ಯಾರೂ ಬಾರದ ಹೆಂಗಸು ಆ ದಿನ ಜೋಕಾಲಿಯ ಸದ್ದು ಕೇಳಿದರೂ ಬಾಗಿಲು ಹಾಕಿಕೊಳ್ಳುತ್ತಾಳೆ.

"ಹೋಗಿದ್ನಲ್ರಿ. ಒಂದ ಸಲ."

ಆಗ ಅವರಿಗೆ ಇಪ್ಪತ್ತೆರಡು. ಗೆಳೆಯನ ಟ್ರ್ಯಾಕ್ಟರ್ ಇಸಕೊಂಡು, ಟ್ರಾಲಿಗೆ ಚಾಪೆ ಹಾಸಿ, ಅಕ್ಕನನ್ನು ಪಂಚಮಿಗೆ ಕರೆಯಲು ಹೋಗಿದ್ದರು. ಅಕ್ಕನನ್ನು ಕೂರಿಸಿಕೊಂಡು ಹೊರಟು ಆ ಊರ ಸೀಮೆ ದಾಟುವ ಮೊದಲೇ ಇಂಜಿನ್ ಕುದಿಯಿತು. ಹುಡುಗುಬುದ್ಧಿ, ಅಕ್ಕನ ಮುಂದೆ ಜೋರು ತೋರಿಸುವ ಆಸೆ. "ಚರಿಗಿ ನೀರು ತಗೊಂಡು ಬಾ ಅಕ್ಕಾ, ನಾ ಮುಚ್ಚಳ ತೆಗಿತೀನಿ, ನೀ ಸುರಿ" ಎಂದರು. ಹಸಿ ಗೋಣಿ ಸುತ್ತಿ ಮುಚ್ಚಳ ತಿರುವಿದರು. ಬುಸ್ಸೆಂದು ಹಾರಿದ ಕುದಿನೀರು ಅವರನ್ನು ಬಿಟ್ಟು ಅಕ್ಕನ ಬಲಗೈಗೆ ಹೊಡೆಯಿತು, ಬೆರಳಿನಿಂದ ಮೊಣಕೈಯವರೆಗೆ. ಚರಿಗೆ ನೆಲಕ್ಕೆ ಬಿತ್ತು. ಅಕ್ಕನನ್ನು ತವರಿಗೆ ಅಲ್ಲ, ಅವಳ ಮನೆಗೇ ವಾಪಸ್ಸು ಹೊತ್ತು ತಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಗಂಡ, "ಇನ್ನ ಮ್ಯಾಲೆ ಕರಿಯಾಕ ಬಂದ್ರ ಕುದಿಯದ ಗಾಡಿ ತಗೊಂಡ ಬಾ. ಅಲ್ಲೀಮಟ ನನ್ನ ಹೊಸ್ತಿಲ ತುಳಿಬ್ಯಾಡ" ಅಂದನಂತೆ.

"ಅದಕ್ಕ ಈ ಕಸಬು ಹಿಡದೆ ಸರ. ಆ ಗಾಡಿ ಹೊಟ್ಟ್ಯಾಗ ಏನೈತಿ ನೋಡಬೇಕಂತ."

"ಮಾವನವರು ಇದ್ದಾರೇನು ಈಗ?"

"ಹೋಗಿ ಆರು ವರ್ಷ ಆತ್ರಿ. ಮಣ್ಣಿಗೆ ಹೋದೆ. ಹೊರಗ ನಿಂತು ಬಂದೆ. ಆಕಿ ಒಳಗಿದ್ಲು. ನಾ ಆ ಮನಿ ನೀರು ಸೈತ ಕುಡೀಲಿಲ್ಲ."

"ಮತ್ತ ಈಗ ಯಾರದು ಅಡ್ಡಿ ಕಾಕಾ? ಬಸ್ಸಿಗೆ ಹೋಗಿ ಕರಕೊಂಡು ಬರಬಹುದಲ್ಲ!"

ಅವರು ನನ್ನನ್ನು ನೋಡಿದರು. "ಆಕಿ ಕೈ ನೋಡಬೇಕಲ್ರಿ" ಎಂದರು.

ಅಂಗಡಿಗೆ ಹೊಂದಿದ ಮನೆಯಿಂದ ಅವರ ಹೆಂಡತಿ, ಕಾಕಿ, ಚಹಾದ ಕಪ್ಪು ಹಿಡಿದು ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. "ನೀವರ ಹೇಳ್ರಿ ಸರ. ನಾ ಹೇಳಿ ಹೇಳಿ ಸಾಕಾಗೇನಿ. ಇಡೀ ತಾಲೂಕಿನ ಗಾಡಿ ಆರಸ್ತಾರ, ತಮ್ಮ ಹೊಟ್ಟ್ಯಾಗಿನ ಕುದಿ ಆರಸಾಕ ಬರವಲ್ದು ಇವ್ರಿಗೆ" ಎಂದು ಕಪ್ಪು ಕುಕ್ಕಿ ಹೋದರು.

ನಾನೂ ಹಟಮಾರಿ. "ಈ ರೇಡಿಯೇಟರ್ ಮುಗೀಲಿ ಕಾಕಾ. ಶ್ರಾವಣದಾಗ ನನ್ನ ಕಾರಿನಾಗ ಹೋಗೋಣು. ಕುದಿಯದ ಗಾಡಿ ಬೇಕಲ್ಲ ನಿಮಗ? ಮಾಡ್ರಿ ಹಂಗಾರ!" ಎಂದೆ. ಬಾಯಿಗೆ ಬಂದದ್ದು ಅಂದುಬಿಟ್ಟಿದ್ದೆ. ಅವರು ಹಿತ್ತಾಳೆಯ ಟಾಕಿಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಮಂದಿ ಗಾಡಿಗೆ ತ್ಯಾಪಿ ಹಚ್ಚೀನ್ರಿ ಇಷ್ಟು ದಿನ. ಇದೊಂದ ಪೂರಾ ನಾನ ಮಾಡಿದ್ದು" ಅಂದರು. ಅದೇ ಒಪ್ಪಿಗೆ.

ಆಮೇಲೆ ಶುರುವಾಯಿತು ನೋಡಿ ಪರೀಕ್ಷೆ! ಮೇ ತಿಂಗಳ ನಡುಮಧ್ಯಾಹ್ನ ಕನಕಗಿರಿಯವರೆಗೆ ಹೋಗಿ ಬಂದೆವು, ಸೂಜಿ ನಡುವಿನಿಂದ ಅಲುಗಲಿಲ್ಲ. ನಾನು ಸ್ಟೇರಿಂಗ್ ಬಡಿದು ಕುಣಿದೆ. ಕಾಕಾ, "ಇನ್ನೊಮ್ಮೆ ನೋಡೋಣು" ಅಂದರು. ತಾವರಗೇರಾದವರೆಗೆ ಹೋದೆವು. "ಎದುರ ಗಾಳಿ ಇತ್ತು, ಅದಕ್ಕ ಆರೈತಿ. ಇನ್ನೊಮ್ಮೆ." ಲಾರಿಯ ಹಿಂದೆ ಮೆಲ್ಲಗೆ ತೆವಳಿ ನೋಡಿದೆವು, ಗಾಳಿಯಿಲ್ಲದ ಮಧ್ಯಾಹ್ನ ನಿಲ್ಲಿಸಿಕೊಂಡೇ ಇಂಜಿನ್ ಓಡಿಸಿ ನೋಡಿದೆವು. ಕುಷ್ಟಗಿಯವರೆಗೆ ಹೋದ ದಿನ, ಯಲಬುರ್ಗಾ ಕಡೆ ತಿರುಗುವಲ್ಲಿ ಅವರೇ "ನಿಲ್ಲಸ್ರಿ" ಅಂದರು. ಇಳಿದು ಹೋಗಿ ಆ ರಸ್ತೆಯ ಕರಿ ಹೊಲಗಳನ್ನು ನೋಡುತ್ತ ನಿಂತರು. ವಾಪಸ್ ಬಂದು, "ಮುಚ್ಚಳದ ರಬ್ಬರ್ ಬದಲಿ ಮಾಡಬೇಕ್ರಿ" ಅಂದರು. ಮುಚ್ಚಳದ ರಬ್ಬರಿಗೆ ಏನೂ ಆಗಿರಲಿಲ್ಲ. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೆದರಿಕೆಗೆ ಒಂದು ಹೆಸರು ಬೇಕಿತ್ತು, ಅಷ್ಟೇ. ನಾನು ಬದಲಿಸಿಕೊಟ್ಟೆ.

ಪಂಚಮಿಗೆ ಎರಡು ದಿನವಿರುವಾಗ ಬೆಳಿಗ್ಗೆ ಎಂಟಕ್ಕೆ ಗಂಗಾವತಿಗೆ ಹೋದೆ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ, ತಲೆಗೆ ರುಮಾಲು ಸುತ್ತಿ, ತೊಡೆಯ ಮೇಲೆ ಹಿತ್ತಾಳೆ ಡಬ್ಬಿ ಇಟ್ಟುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಅವರ ಕಣ್ಣು ಸೂಜಿಯ ಮೇಲೆಯೇ. ಕನಕಗಿರಿ, ತಾವರಗೇರಾ, ಕುಷ್ಟಗಿ. ತಿರುವಿನಲ್ಲಿ ಈ ಸಲ ನಾನು ಅವರನ್ನು ಕೇಳಲೇ ಇಲ್ಲ, ತಿರುಗಿಸಿಬಿಟ್ಟೆ. "ಯಪ್ಪಾ" ಅಂದರು, ಅಷ್ಟೇ.

ಅಕ್ಕ ಮಗ, ಸೊಸೆ, ಮೊಮ್ಮಕ್ಕಳ ತುಂಬುಮನೆಯಲ್ಲಿ ಇರುವವರು. ಕಾರಿನ ಸದ್ದಿಗೆ ಎಲ್ಲರೂ ಹೊರಗೆ ಬಂದರು. ಕೊನೆಗೆ ಅಕ್ಕ ಬಂದರು. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಕೈಯಲ್ಲಿ ತುಂಬಿದ ಚರಿಗೆ. ಬಂದವರು ತಮ್ಮನ ಮುಖವನ್ನೂ ನೋಡದೆ ಸೀದಾ ಕಾರಿನ ಮೂತಿಯ ಮುಂದೆ ನಿಂತು, "ಕುದ್ದೈತೇನೋ? ನೀರು ತಂದೀನಿ" ಅಂದರು.

ಕಾಕಾ ನೋಡುತ್ತಿದ್ದದ್ದು ಚರಿಗೆ ಹಿಡಿದ ಆ ಬಲಗೈಯನ್ನೇ. ಬೆರಳಿನಿಂದ ಮೊಣಕೈಯವರೆಗೆ ಚರ್ಮ ಸುಕ್ಕಾಗಿ, ಹೊಳಪಾಗಿ, ಬಣ್ಣ ಕಳೆದುಕೊಂಡಿತ್ತು. ಹಸಿರು ಬಳೆಗಳು ಎಡಗೈಯಲ್ಲೂ ಇರಲಿಲ್ಲ, ಬಲಗೈಯಲ್ಲೂ ಇರಲಿಲ್ಲ.

"ಆರ್ಲಿ ಅಕ್ಕಾ" ಎಂದರು ಕೊನೆಗೆ.

"ಆರ್ಲಿ" ಎಂದರು ಅಕ್ಕ.

ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ಕೂತರು, ನಡುವೆ ಚರಿಗೆ. ಅರ್ಧ ತಾಸು, ಅದಕ್ಕೂ ಹೆಚ್ಚು. ಚಹಾ ತಂದ ಸೊಸೆ ಇಬ್ಬರನ್ನೂ ನೋಡಿ ನನ್ನ ಕೈಗೆ ಕೊಟ್ಟು ಹೋದಳು. ಆಮೇಲೆ ಕಾಕಾ ಎದ್ದರು. ಬಾನೆಟ್ ಎತ್ತಿ, ಸಣ್ಣ ಟಾಕಿಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಎಣಿಸಿದರು. ನೂರು ಆಯಿತು. ಕೈ ತೆಗೆಯಲಿಲ್ಲ. ಆ ದಿನ ಇನ್ನೊಂದು ನೂರು ಎಣಿಸಿದರು, ನಾನೇ ಸಾಕ್ಷಿ. ಬಳಿಕ ಹಿಂದೆ ಸರಿದು ನಿಂತು, "ನೀ ತಗಿ ಅಕ್ಕಾ" ಎಂದರು.

ಸೊಸೆ "ಅತ್ತೀ, ಬ್ಯಾಡ" ಅಂದಳು. ಅಕ್ಕ ಆ ಸುಕ್ಕು ಕೈಯಿಂದಲೇ ಮುಚ್ಚಳ ಹಿಡಿದು ತಿರುವಿದರು. ಸದ್ದಿಲ್ಲ, ಹಬೆಯಿಲ್ಲ. ಬಗ್ಗಿ ನೋಡಿದರು. ನೀರು ಕತ್ತಿನ ಮಟ್ಟಕ್ಕೆ ತುಂಬಿಕೊಂಡು, ಅಲುಗದೆ, ಅವರ ಮುಖವನ್ನೇ ತೋರಿಸುತ್ತಿತ್ತು.

"ತುಂಬೇ ಐತಲ್ಲೋ ತಮ್ಮಾ" ಅಂದರು. "ಒಂದ ಹನಿ ಹಿಡ್ಯಾಕ ಜಾಗ ಇಲ್ಲ. ನಾ ಈ ನೀರು ಏನ್ ಮಾಡ್ಲಿ?"

"ಹಂಗಾರ ನೀ ಕುಡಿ" ಎಂದು ಅಕ್ಕ ಚರಿಗೆಯನ್ನು ತಮ್ಮನ ಬಾಯಿಯ ಹತ್ತಿರ ಹಿಡಿದರು. ಮೂವತ್ತೇಳು ವರ್ಷ ಆ ಮನೆಯ ನೀರು ಮುಟ್ಟದಿದ್ದ ಮನುಷ್ಯ ಚರಿಗೆ ಎತ್ತಿ ಗಟಗಟ ಕುಡಿದರು. ಅರ್ಧ ನೀರು ಇಸ್ತ್ರಿ ಅಂಗಿಯ ಮೇಲೆ ಚೆಲ್ಲಿತು, ಕಣ್ಣಿನದೆಷ್ಟು ಚರಿಗೆಯದೆಷ್ಟು ಎಂದು ಹೇಳಲಾರೆ. ನಾನೂ ಅತ್ತೆ. ನಾಚಿಕೆ ಯಾಕೆ, ಅತ್ತೆ.

ಊಟವಾಯಿತು. ಅಕ್ಕ ಸೀರೆ ಬದಲಿಸಿ, ಉಂಡಿಯ ಗಂಟು ಕಟ್ಟಿಕೊಂಡು, ಕಾರಿನ ಹತ್ತಿರ ಬಂದು ಬಾಗಿಲು ತೆರೆದು ನಿಂತರು. ಒಳಗೆ ನೋಡಿದರು. ನನ್ನನ್ನು ನೋಡಿದರು. ತಮ್ಮನನ್ನು ನೋಡಿದರು.

"ಅಲ್ಲೋ, ಎಲ್ಲಿ ಕುಂದ್ರಲಿ? ಎರಡ ಕುರ್ಚಿ ಅದಾವಲ್ಲೋ ಇದ್ರಾಗ!"

ದೇವರಾಣೆ, ನಮ್ಮಿಬ್ಬರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮೂರು ತಿಂಗಳು ನೀರಿನ ಹಾದಿ, ಗಾಳಿಯ ಹಾದಿ, ಮುಚ್ಚಳದ ರಬ್ಬರ್ ಎಲ್ಲ ಲೆಕ್ಕ ಹಾಕಿದ ನಾವು ಸೀಟು ಎಣಿಸಿರಲಿಲ್ಲ. ಎರಡೇ ಸೀಟಿನ ಗಾಡಿ ತೆಗೆದುಕೊಂಡು ಅಕ್ಕನನ್ನು ಕರೆಯಲು ಬಂದಿದ್ದೆವು! ಆ ಟ್ರ್ಯಾಕ್ಟರಿನ ದಿನದ ನಂತರ ಕಾಕಾ ಸ್ಟೇರಿಂಗ್ ಮುಟ್ಟಿದವರಲ್ಲ, ಕಾರು ಓಡಿಸಲು ಬರುವುದಿಲ್ಲ. ಊರೆಲ್ಲ ನಕ್ಕಿತು. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ. "ಕುದಿಯದ ಗಾಡಿ ತಾ ಅಂದಿದ್ರು, ಕುಂದ್ರೂ ಗಾಡಿ ತಾ ಅನ್ನಲಿಲ್ಲ ನೋಡು ನಿಮ್ಮ ಮಾವ!"

"ನೀ ಕಾರಿನಾಗ ಹೋಗಕ್ಕಾ, ನಾ ಬಸ್ಸಿಗೆ ಬರ್ತೀನಿ" ಅಂದರು ಕಾಕಾ. ಬಸ್ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸು ಹತ್ತುವ ಮೊದಲು ನನ್ನ ಕಿಟಕಿಗೆ ಬಗ್ಗಿ, "ಸರ, ದಾಟಿ ಹೋಗಬ್ಯಾಡ್ರಿ. ನಮ್ಮ ಬಸ್ಸಿನ ಹಿಂದ ಬರ್ರಿ. ನಾ ಹಿಂದಿನ ಸೀಟಿನಾಗ ಕುಂತು ನೋಡ್ಕೋತ ಇರ್ತೀನಿ, ಹಬಿ ಏಳ್ತೈತೋ ಏನಂತ. ಅಕ್ಕ ಅದಾಳ ಗಾಡ್ಯಾಗ" ಎಂದರು.

ಹಾಗೇ ಬಂದೆವು. ಗಾಳಿಯಂತೆ ಓಡಬೇಕಾದ ಕಾರು ಹಳ್ಳಿಹಳ್ಳಿಗೆ ನಿಲ್ಲುವ ಬಸ್ಸಿನ ಹಿಂದೆ ತೆವಳಿತು. ಬಸ್ಸಿನ ಹಿಂದಿನ ಗಾಜಿನಲ್ಲಿ ಬಿಳಿ ರುಮಾಲು. ಬಸ್ಸು ನಿಂತಾಗೊಮ್ಮೆ ಅಕ್ಕ ಸುಕ್ಕು ಕೈ ಹೊರಗೆ ಚಾಚಿ ಬೀಸುತ್ತಿದ್ದರು, ಏನಾಗಿಲ್ಲ ಎಂದು. ಕುಷ್ಟಗಿಯಲ್ಲಿ ಬಸ್ಸು ಬದಲಿಸುವಾಗ ಕಾಕಾ ಓಡಿ ಬಂದು ಬಾನೆಟ್ ಮುಟ್ಟಿ ನೋಡಿ ಓಡಿ ಹೋದರು. ಗಂಗಾವತಿಯಲ್ಲಿ ಕಾಕಿ ಆರತಿ ಹಿಡಿದು ನಿಂತಿದ್ದರು. ಆ ಪಂಚಮಿ ಅಕ್ಕ ಜೋಕಾಲಿ ಆಡಿದರು, ಎಪ್ಪತ್ತರ ಹತ್ತಿರದಲ್ಲಿ. ತೂಗಿದವರು ಕಾಕಾ.

ಮರುವರ್ಷ ಬೇರೆ ದೊಡ್ಡ ಗಾಡಿ ಮಾಡೋಣ ಎಂದೆ. ಇಬ್ಬರೂ ಒಪ್ಪಲಿಲ್ಲ. ಅದೇ ಕಾರು, ಅದೇ ಬಸ್ಸು, ಅದೇ ಹಿಂದಿನ ಸೀಟು. ಅದೇ ಪದ್ಧತಿಯಾಯಿತು. ಎರಡು ಪಂಚಮಿ ಹಾಗೆ ನಡೆದವು.

ಕಾಕಾ ಹೋದ ಮೇಲೆ ಈ ಶ್ರಾವಣದಲ್ಲಿ ಕಾಕಿ ಫೋನ್ ಮಾಡಿದರು. "ಸರ, ಈ ವರ್ಷ ನಮಗ ಹಬ್ಬ ಇಲ್ಲ. ಆದ್ರ ಕರಿಯೂದು ಬಿಡಬಾರದು. ಅಕ್ಕಾರನ್ನ ಕರಿಯಾಕ ಯಾರು ಹೋಗ್ತಾರ?" ಫೋನ್ ಇಟ್ಟೆ. ಕುಬುಸದ ಖಣ ಎಲ್ಲಿ ಸಿಗುತ್ತದೆ ಎಂದು ಹೆಂಡತಿಯನ್ನು ಕೇಳಿದೆ. ಕಾರನ್ನು ಚಹಾದ ಕಿಟ್ಲಿ ಅನ್ನುತ್ತಿದ್ದವಳೇ ಪೇಟೆಗೆ ಹೋಗಿ ಆರಿಸಿ ತಂದಳು. ಗಂಗಾವತಿಗೆ ಹೋಗಿ ಹಿತ್ತಾಳೆ ಡಬ್ಬಿ ತೆಗೆದುಕೊಂಡು, ಅದೇ ದಾರಿ ಹಿಡಿದೆ.

ಅಕ್ಕ ಚರಿಗೆ ಹಿಡಿದು ಬಂದರು. ಕಾರಿನ ಎಡಗಡೆ ಬಾಗಿಲು ನೋಡಿದರು. ಕಾಕಾ ಇಳಿಯುತ್ತಿದ್ದ ಆ ಬಾಗಿಲು ತೆರೆಯಲಿಲ್ಲ. "ಆರ್ಲಿ, ಕುಂದ್ರು ತಮ್ಮಾ" ಎಂದರು. ನನ್ನನ್ನು ಅವರು ಅದುವರೆಗೆ ಸರ ಎಂದೇ ಕರೆಯುತ್ತಿದ್ದರು. ಕಟ್ಟೆಯ ಮೇಲೆ ಕೂತೆವು. ಆರಿದ ಮೇಲೆ ಅವರೇ ಎದ್ದು, ಟಾಕಿಯ ಮೇಲೆ ಸುಕ್ಕು ಅಂಗೈ ಊರಿ, ತುಟಿ ಅಲುಗಿಸುತ್ತ ನೂರು ಎಣಿಸಿದರು. ಮುಚ್ಚಳ ತೆಗೆದು ನೋಡಿ, ಮುಚ್ಚಿದರು. ಚರಿಗೆ ನನ್ನ ಕೈಗೆ ಕೊಟ್ಟರು. ಕುಡಿದೆ.

ಉಂಡಿಯ ಗಂಟು ಕಾಲ ಹತ್ತಿರ ಇಟ್ಟು, ಅಕ್ಕ ನನ್ನ ಪಕ್ಕ ಕೂತರು. ಬಾಗಿಲು ಹಾಕಿಕೊಂಡೆವು. ಈ ಸಲ ಯಾರೂ ಬಸ್ಸಿಗೆ ಹೋಗಬೇಕಾಗಿರಲಿಲ್ಲ.

ನಿಲ್ದಾಣದ ಮುಂದೆ ಬಂದಾಗ ಕುಷ್ಟಗಿ ಬಸ್ಸು ಆಗ ತಾನೇ ಹೊರಟಿತ್ತು. ರಸ್ತೆ ಖಾಲಿಯಿತ್ತು, ದಾಟಿ ಹೋಗಬಹುದಿತ್ತು. ಕುಷ್ಟಗಿಯವರೆಗೂ ಅದರ ಹಿಂದೆಯೇ ಹೋದೆವು.